ನನ್ನ ಮೆಚ್ಚಿನ ಹೊಸ ಹಾಡುಗಳನ್ನು ನನ್ನನ್ನೇ ಕೇಳದೆ ಆರಿಸಿದ ಯಂತ್ರ ಮಹಾಶಯರಿಗೆ

ಮಾನ್ಯರೇ,

ಮೊದಲಿಗೆ ಯೋಗಕ್ಷೇಮ ವಿಚಾರಿಸುವುದು ಪತ್ರ ಬರೆಯುವವನ ಧರ್ಮ. ತಮಗೆ ನೆಗಡಿಯಿಲ್ಲ, ಬೆನ್ನುನೋವಿಲ್ಲ, ಹಲ್ಲಂತೂ ಹುಟ್ಟಿನಿಂದಲೇ ಇಲ್ಲ; ಆದ್ದರಿಂದ ತಾವು ಕ್ಷೇಮವೆಂದೇ ನಂಬಿ, ತಮ್ಮ ತಂತಿಗಳು ಸದಾ ತಂಪಾಗಿರಲಿ, ತಮ್ಮ ಕರೆಂಟು ಎಂದೂ ಹೋಗದಿರಲಿ, ಹಾಡುಗಳನ್ನು ಆರಿಸಿ ಕೊಡಲೆಂದು ತಮ್ಮನ್ನು ಸಾಕುತ್ತಿರುವ ಕಂಪನಿ ಚಿರಾಯುವಾಗಲಿ ಎಂದು ಹಾರೈಸಿ ವಿಷಯಕ್ಕೆ ಬರುತ್ತೇನೆ. ಇತ್ತ ನಾವೂ ಕ್ಷೇಮ. ನಾವು ಕ್ಷೇಮವಾಗಿರುವುದೇ ಈ ಪತ್ರದ ದೂರು.

ನಾನು ವೃತ್ತಿಯಿಂದ ಹಲ್ಲಿನ ಡಾಕ್ಟರು, ಚಟದಿಂದ ಹೊಸ ಹಾಡುಗಳ ಹುಚ್ಚ. ಹೊಸ ಹಾಡು ಎಂದರೆ ಕಳೆದ ತಿಂಗಳು ಹುಟ್ಟಿದ್ದು, ಇನ್ನೂ ಹೊಕ್ಕುಳ ಬಳ್ಳಿ ಬೀಳದ್ದು. ನನ್ನ ವಯಸ್ಸಿನ ಗೆಳೆಯರು ಒಂದೆಡೆ ಸೇರಿದರೆ ತಮ್ಮ ಕಾಲೇಜು ದಿನಗಳ ಹಾಡುಗಳನ್ನು ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗಿ, ಆ ಕಾಲ ಮತ್ತೆ ಬರುವುದಿಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ನಾನು ಅಂಥ ಸಭೆಗಳಿಂದ ಯಾರದೋ ಹಲ್ಲುನೋವಿನ ನೆವ ಹೇಳಿ ಎದ್ದು ಬರುತ್ತೇನೆ. ನನ್ನ ಅಕ್ಕ ಹೇಳುವ ಮಾತೊಂದಿದೆ: "ಹಳೇದನ್ನ ಹೊಗಳೋಕೆ ಕಿವಿ ಯಾಕೋ ಬೇಕು? ನೆನಪಿದ್ರೆ ಸಾಕು." ಈ ಅಕ್ಕನ ವಿಷಯ ಮುಂದೆ ವಿಸ್ತಾರವಾಗಿ ಬರಲಿದೆ. ತಮಗೆ ಆಕೆ ಅಪರಿಚಿತಳೇನಲ್ಲ, ಆದರೆ ತಾವು ಇಷ್ಟು ದಿನ ಆಕೆಯನ್ನು ನಾನೇ ಎಂದುಕೊಂಡಿದ್ದೀರಿ.

ನನ್ನ ಕ್ಲಿನಿಕ್ಕಿನಲ್ಲಿ ಕುರ್ಚಿ ಒಂದೇ, ಸ್ಪೀಕರ್ ಎರಡು. ದೊಡ್ಡ ದೊಡ್ಡ ಗಾಯಕರಿಗೂ ಸಿಗದಂಥ ಶ್ರೋತೃಗಳು ನನಗೆ ಸಿಕ್ಕಿದ್ದಾರೆ: ಎಲ್ಲರೂ ಬಾಯಿ ತೆರೆದುಕೊಂಡೇ ಕೇಳುತ್ತಾರೆ, ನಡುವೆ ಎದ್ದು ಹೋಗುವುದಿಲ್ಲ, ಬೇರೆ ಹಾಡು ಹಾಕಿ ಎಂದು ಪೀಡಿಸುವುದಿಲ್ಲ, ಕೆಲವರು ಕಣ್ಣೀರನ್ನೂ ಹಾಕುತ್ತಾರೆ. ಅದು ಸಂಗೀತಕ್ಕೋ ಸೂಜಿಗೋ ಎಂದು ನಾನು ಕೇಳಲು ಹೋಗಿಲ್ಲ. ಪ್ರತಿ ತಿಂಗಳೂ ಹೊಸದಾಗಿ ಬಂದ ಹಾಡುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂಬುದನ್ನು ಈ ಕುರ್ಚಿಯ ಪಕ್ಕದಲ್ಲೇ ನಿಂತು ನಾನು ತೀರ್ಮಾನಿಸುತ್ತಾ ಬಂದಿದ್ದೇನೆ, ಮತ್ತು ಈ ವಿಷಯದಲ್ಲಿ ನನಗೆ ತಮ್ಮ ನೆರವು ಬೇಕೆಂದು ಯಾವತ್ತೂ ಅರ್ಜಿ ಹಾಕಿಕೊಂಡವನಲ್ಲ.

ಆದರೂ ತಾವು ಪರೋಪಕಾರಿಗಳು. ಈ ತಿಂಗಳು ಶುರುವಾದ ದಿನವೇ, ನಾನು ಒಬ್ಬ ಪೋಸ್ಟ್‌ಮ್ಯಾನ್‌ನ ದವಡೆ ಹಲ್ಲು ಕೀಳುತ್ತಿದ್ದಾಗ, ಕಾಯುವವರ ಕೋಣೆಯ ಟಿವಿಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿ, 'ಅಭಿನಂದನೆಗಳು! ಕಳೆದ ತಿಂಗಳ ತಮ್ಮ ಮೆಚ್ಚಿನ ಹತ್ತು ಹೊಸ ಹಾಡುಗಳು' ಎಂಬ ಘೋಷಣೆ ಮೂಡಿತು. ನನ್ನ ಫೋನಿಗೂ ಆ ಟಿವಿಗೂ ಇರುವ ಸಂಬಂಧವನ್ನು ನಾನೇ ಕಟ್ಟಿದ್ದು, ಅದರಲ್ಲಿ ತಮ್ಮ ತಪ್ಪಿಲ್ಲ. ನನ್ನ ಸಹಾಯಕಿ, ನನಗಿಂತ ಹೆಚ್ಚು ಹಲ್ಲುಗಳನ್ನೂ ನನಗಿಂತ ಹೆಚ್ಚು ಮನುಷ್ಯರನ್ನೂ ನೋಡಿರುವಾಕೆ, ಪಟ್ಟಿಯನ್ನು ಜೋರಾಗಿ ಓದಿ, "ಸಾರ್, ಇದ್ರಲ್ಲಿ ಅರ್ಧ ನಿಮ್ಮದಲ್ವೇ ಅಲ್ಲ, ಯಾರ್ದು ಇವು?" ಎಂದಳು. ಕಾಯುತ್ತಿದ್ದ ಜನರೆಲ್ಲ ನನ್ನತ್ತ ಕತ್ತು ಹೊರಳಿಸಿದರು. ಬಾಯಿಯೊಳಗೆ ಇಕ್ಕಳ ಇದ್ದ ಪೋಸ್ಟ್‌ಮ್ಯಾನ್ ಕೂಡ ಕಣ್ಣಿನಲ್ಲೇ ಅದೇ ಪ್ರಶ್ನೆ ಕೇಳಿದ.

ತಮ್ಮ ಪಟ್ಟಿಯನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವವನಲ್ಲ. ಮೂವರು ಅಣ್ಣತಮ್ಮಂದಿರು ತಮ್ಮ ಕಟ್ಟಡದ ಕೆಟ್ಟ ಲಿಫ್ಟಿನ ಮೇಲೆ ಕಟ್ಟಿದ ಹಾಡು ನನ್ನದೇ. ಅದರಲ್ಲಿ ತಾಳವೆಂದರೆ ಮುಚ್ಚಿಕೊಳ್ಳಲಾರದೆ ಪದೇಪದೇ ಬಡಿದುಕೊಳ್ಳುವ ಲಿಫ್ಟಿನ ಬಾಗಿಲು, ಮತ್ತು ಕಳೆದ ತಿಂಗಳು ಅದಕ್ಕಿಂತ ಚೆಂದದ ತಾಳ ಬೇರೆಲ್ಲೂ ಹುಟ್ಟಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎನ್ನುವಷ್ಟು ಮೆಲ್ಲಗೆ ಹಾಡುವ ಹೆಂಗಸಿನದೂ ನನ್ನದೇ. ಅದನ್ನು ರೂಟ್ ಕೆನಾಲ್‌ಗೆಂದೇ ಎತ್ತಿಟ್ಟಿದ್ದೇನೆ. ಒಬ್ಬ ಗಂಡಸು ಹಾಡಿನುದ್ದಕ್ಕೂ ಕ್ಷಮೆ ಕೇಳುತ್ತಾನೆ, ಯಾವ ತಪ್ಪಿಗೆ ಎಂದು ಕೊನೆಗೂ ಬಾಯಿ ಬಿಡುವುದಿಲ್ಲ. ಅದು ನನ್ನ ಸಹಾಯಕಿಯ ಒತ್ತಾಯಕ್ಕೆ ಸೇರಿದ್ದು. "ಪಾಪ ಸಾರ್, ಏನ್ ಮಾಡಿದ್ನೋ ಏನೋ, ಕ್ಷಮಿಸ್ಬಿಡ್ಲಿ ಅವಳು" ಎಂದು ಆಕೆ ಹತ್ತಿ ಮಡಚುತ್ತಾ ದಿನವೂ ಮರುಗುತ್ತಾಳೆ. ಇವಿಷ್ಟನ್ನು ಆರಿಸಿದ ತಮ್ಮ ಕಿವಿಗೆ, ಕಿವಿ ಎಂಬುದೊಂದು ತಮಗಿದ್ದರೆ, ನನ್ನ ನಮಸ್ಕಾರ.

ಆದರೆ ಆ ಉಳಿದವು! ಡೋಲು ಬಿಟ್ಟರೆ ಬೇರೇನೂ ಇಲ್ಲದ, ಹಾಕಿದರೆ ನನ್ನ ತಟ್ಟೆಯ ಉಪಕರಣಗಳೆಲ್ಲ ಕುಣಿಯುವ ಒಂದು ಹಾಡು. ಗಂಟಲಿನ ಆಳದಿಂದ ಒಬ್ಬ ಮುದುಕಿ ಯಾರಿಗೋ ಶಾಪ ಹಾಕುವ ಇನ್ನೊಂದು. ಆ ಶಾಪ ಎಷ್ಟು ಲಯಬದ್ಧವಾಗಿದೆಯೆಂದರೆ ಹಾಕಿಸಿಕೊಂಡವನೂ ಕಾಲು ಕುಣಿಸಿಯಾನು. ಸೀಟಿಯಲ್ಲಿ ಶುರುವಾಗಿ ಕೂಗಾಟದಲ್ಲಿ ಮುಗಿಯುವ ಮತ್ತೊಂದು. ಇವು ನನ್ನವಲ್ಲ. ಇವು ಯಾರವು ಎಂದು ಹೇಳಲು ನನಗೆ ತಮ್ಮಷ್ಟು ಬುದ್ಧಿ ಬೇಕಿಲ್ಲ. ಇವು ಅಕ್ಕನವು.

ಅಕ್ಕ ಈ ಊರಿನ ಇನ್ನೊಂದು ತುದಿಯಲ್ಲಿ ಭಾವನೊಂದಿಗೆ ಇದ್ದಾಳೆ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಕಲಿಯುವವರ ಕಾಲಿಗೊಂದು, ಆಕೆಯ ಕಾಲಿಗೊಂದು ಎಂದು ಎರಡೆರಡು ಬ್ರೇಕ್ ಇರುವ ಆ ಕಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಸ ಹಾಡುಗಳು ಓಡುತ್ತಲೇ ಇರುತ್ತವೆ. ಹಾಡು ಕೇಳುತ್ತಾ ಗೇರ್ ಬದಲಿಸಲು ಬಾರದವರು ಹಾರ್ನ್ ಕೇಳುತ್ತಾ ಏನು ಓಡಿಸಿಯಾರು ಎಂಬುದು ಆಕೆಯ ವಾದ. ಹೊಸ ಹಾಡಿನ ಹುಚ್ಚು ನನಗೆ ಹತ್ತಿಸಿದವಳೂ ಅವಳೇ, ಆ ಹುಚ್ಚಿಗೊಂದು ಕಾನೂನು ಮಾಡಿದವಳೂ ಅವಳೇ.

ಆ ಕಾನೂನನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯ. ತಿಂಗಳ ಕೊನೆಯ ಭಾನುವಾರ ನಾವಿಬ್ಬರೂ ಆಕೆಯ ಅಡುಗೆಮನೆಯ ಮೇಜಿನ ಎದುರುಬದುರು ಕೂರಬೇಕು. ಇಬ್ಬರ ಮುಂದೆಯೂ ಒಂದೊಂದು ಸ್ಟೀಲ್ ಲೋಟ. ಆ ತಿಂಗಳು ಬಂದ ಹಾಡುಗಳಲ್ಲಿ ತನಗೆ ಮೆಚ್ಚಿಗೆಯಾದವನ್ನು ಒಬ್ಬರು ಹಾಕಬೇಕು, ಇನ್ನೊಬ್ಬರು ಕೇಳಬೇಕು. ಕೇಳುವಾಗ ಮಾತಿಲ್ಲ, ಮುಖ ಸಿಂಡರಿಸುವಂತಿಲ್ಲ, ಹಾಡು ಮುಗಿದ ಮೇಲೆ ವಿಮರ್ಶೆಯೂ ಇಲ್ಲ. ಹಿಡಿಸಿದರೆ ಲೋಟ ಇದ್ದ ಹಾಗೆ ಇರುತ್ತದೆ. ಹಿಡಿಸದಿದ್ದರೆ ಬೋರಲು. ಬೋರಲಾದ ಹಾಡನ್ನು ಮತ್ತೆ ಎತ್ತುವಂತಿಲ್ಲ. ಇನ್ನೊಂದೇ ಒಂದು ನಿಯಮ, ಎಲ್ಲಕ್ಕಿಂತ ದೊಡ್ಡದು: ಹಾಡು ಮುಗಿಯುವವರೆಗೂ ಲೋಟಕ್ಕೆ ಕೈ ಹಾಕಬಾರದು. ನಾನು ಓದಲು ಹೋದಾಗ, ನಮ್ಮಿಬ್ಬರ ಮದುವೆಗಳಾದಾಗ, ಮಕ್ಕಳ ಪರೀಕ್ಷೆಗಳ ನಡುವೆ, ಭಾವನ ಕಾಲು ಮುರಿದಾಗ, ಎಂಥ ಎಡವಟ್ಟಿನಲ್ಲೂ ಈ ಭಾನುವಾರ ತಪ್ಪಿರಲಿಲ್ಲ. ನನ್ನ ಹೆಂಡತಿ ಇದನ್ನು ನಮ್ಮಿಬ್ಬರ ಪಾಲಿನ ಕೋರ್ಟು ಎಂದು ಕರೆಯುತ್ತಾಳೆ.

ಸುಮಾರು ಒಂದು ವರ್ಷದ ಹಿಂದೆ ಈ ಕೋರ್ಟು ಬಾಗಿಲು ಹಾಕಿತು. ಕಾರಣ ಒಂದು ಹಾಡು. ಅದನ್ನು ನಾನು ಮೊದಲ ಸಲ ಕೇಳಿದ್ದು ಒಂದು ಟ್ಯಾಕ್ಸಿಯ ರೇಡಿಯೋದಲ್ಲಿ. ಒಬ್ಬ ಗಂಡಸು ಒಂದಿಷ್ಟು ಗುನುಗುತ್ತಾನೆ, ಆಮೇಲೆ ಹಾಡುವುದನ್ನೇ ಬಿಡುತ್ತಾನೆ. ಖಾಲಿ ಮನೆಯಲ್ಲಿ ಯಾರೋ ನಡೆದಾಡುವ ಸಪ್ಪಳ, ಒಂದೊಂದೇ ಬಾಗಿಲು ತೆರೆಯುವ ಸಪ್ಪಳ, ಮತ್ತೇನೂ ಇಲ್ಲ. ರೇಡಿಯೋ ಕೆಟ್ಟಿತೆಂದು ಚಾಲಕ ಅದರ ತಲೆಗೆ ಎರಡು ಬಾರಿಸಿದ. ಸಪ್ಪಳ ಸಾಗುತ್ತಲೇ ಇತ್ತು. ಕೊನೆಗೆ, ಇನ್ನೇನು ಯಾರೂ ಇಲ್ಲ ಎನ್ನುವಾಗ, ದೂರದ ಕೋಣೆಯಿಂದ ಹೆಂಗಸಿನ ದನಿಯೊಂದು ಆ ಮೊದಲಿನ ಗುನುಗನ್ನೇ ಎತ್ತಿಕೊಳ್ಳುತ್ತದೆ, ಗಂಡಸಿನ ದನಿ ಅದಕ್ಕೆ ಸೇರುತ್ತದೆ, ಸೇರಿದ ಕೂಡಲೇ ಹಾಡು ಮುಗಿಯುತ್ತದೆ. ನಾನು ಇಳಿಯುವ ಜಾಗ ದಾಟಿ ಎಷ್ಟೋ ದೂರ ಹೋಗಿದ್ದೆ. ಆ ಹಾಡನ್ನು ನಾನು ಮನೆಯಲ್ಲಿ ಒಮ್ಮೆಯೂ ಹಾಕದೆ, ಬಂಗಾರವನ್ನು ಗಂಟು ಕಟ್ಟಿದ ಹಾಗೆ ಜೋಪಾನ ಮಾಡಿ, ಭಾನುವಾರ ಅಕ್ಕನ ಮುಂದೆ ಇಟ್ಟೆ.

ಹಾಡಿನಲ್ಲಿ ಎರಡನೇ ಬಾಗಿಲು ತೆರೆಯುವಷ್ಟರಲ್ಲಿ ಆಕೆ ಲೋಟ ಬೋರಲು ಹಾಕಿದಳು. ಹಾಡಿನ್ನೂ ಅರ್ಧ ಬಾಕಿಯಿತ್ತು. ನಿಯಮ ಮಾಡಿದವಳೇ ನಿಯಮ ಮುರಿದಳು ಎಂದು ನಾನು ಹೇಳಿದೆ. ಇದೊಂದು ಹಾಡಲ್ಲ, ಮನೆ ಬಾಡಿಗೆಗೆ ನೋಡಲು ಬಂದವನ ಓಡಾಟ ಎಂದು ಆಕೆ ಹೇಳಿದಳು. ನಿನಗೆ ವಯಸ್ಸಾಯಿತು, ಇನ್ನು ಹಳೆಯ ಹಾಡು ಕೇಳಿಕೊಂಡು ಕಣ್ಣೊರೆಸಿಕೋ ಎಂದು ನಾನು ಹೇಳಿದೆ. ಅದಕ್ಕೆ ಆಕೆ, "ನಿನ್ನ ಪೇಷಂಟ್‌ಗಳ ಥರ ಬಾಯಿ ಬಿಟ್ಕೊಂಡು ನೀನು ಹಾಕಿದ್ದೆಲ್ಲಾ ಕೇಳೋಳಲ್ಲ ಕಣೋ ನಾನು" ಎಂದಳು. ನಾನು ನನ್ನ ಲೋಟವನ್ನೂ ಬೋರಲು ಹಾಕಿ ಎದ್ದು ಬಂದೆ. ಅದರಲ್ಲಿ ಕಾಫಿ ಇತ್ತು ಎಂಬುದು ಮೇಜಿನ ಬಟ್ಟೆಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ಹೀಗೆ ಶುರುವಾದ ಜಗಳವನ್ನು ನಾವಿಬ್ಬರೂ ಎಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬಂದೆವು ಎಂಬುದನ್ನು ತಾವು ಗಮನಿಸಬೇಕು. ಫೋನಿಲ್ಲ, ಹೋಗಿ ಬರುವುದಿಲ್ಲ, ಮದುವೆಮನೆಯಲ್ಲಿ ಎದುರಾದರೆ ಆಕೆ ಊಟದ ಸಾಲಿಗೆ, ನಾನು ಕೈ ತೊಳೆಯುವ ಸಾಲಿಗೆ. ಭಾವ ಎರಡು ಸಲ ರಾಜಿಗೆ ಬಂದು, ಎರಡು ಸಲವೂ ಹಲ್ಲು ಶುಚಿ ಮಾಡಿಸಿಕೊಂಡು ಹಿಂದಿರುಗಿದರು. ಅಂಥ ಒಂದು ಗಟ್ಟಿಮುಟ್ಟಾದ ಜಗಳವನ್ನು, ಮಾನ್ಯರೇ, ತಾವು ಬಂದು ಹಾಳು ಮಾಡಿದಿರಿ.

ಅದು ಹೇಗೆಂದರೆ, ಒಳ್ಳೆಯ ದಿನಗಳಲ್ಲಿ ನಾನೂ ಅಕ್ಕನೂ ತಮ್ಮಲ್ಲಿ ಒಂದೇ ಖಾತೆ ತೆರೆದು ಇಬ್ಬರ ಫೋನಿಗೂ ಹಾಕಿಕೊಂಡಿದ್ದೆವು. ಜಗಳದ ಬಿಸಿಯಲ್ಲಿ ಅದನ್ನು ಬೇರೆ ಮಾಡಲು ಇಬ್ಬರಿಗೂ ನೆನಪಾಗಲಿಲ್ಲ, ಅಥವಾ ನೆನಪಾದರೂ ಮೊದಲು ಮಾಡಿದವರು ಸೋತ ಹಾಗೆ ಎಂದು ಇಬ್ಬರೂ ಸುಮ್ಮನಿದ್ದೆವು. ಒಂದು ಖಾತೆಯಲ್ಲಿ ಒಂದು ಸಮಯಕ್ಕೆ ಒಂದೇ ಹಾಡು ಎಂಬ ತಮ್ಮ ಕಟ್ಟಳೆ ಆಗ ಕೆಲಸ ಶುರುಮಾಡಿತು. ನಾನು ಕ್ಲಿನಿಕ್ಕಿನಲ್ಲಿ ಹಾಡು ಹಾಕಿದರೆ ಊರಿನ ಆ ತುದಿಯಲ್ಲಿ ಅಕ್ಕನ ಕಾರು ಗಪ್‌ಚಿಪ್. ಆಕೆ ಹಾಕಿದರೆ ಇಲ್ಲಿ ನನ್ನ ಸ್ಪೀಕರ್ ಮೂಕ, ಆ ಮೌನದಲ್ಲಿ ಹಲ್ಲು ಕೊರೆಯುವ ಯಂತ್ರದ ಸದ್ದು ಒಂದೇ ಕೇಳಿ ರೋಗಿ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದ. ಅಕ್ಕನ ಬಳಿ ಕಲಿಯುವ ಒಬ್ಬಾಕೆ ನನ್ನಲ್ಲಿ ಹಲ್ಲು ತುಂಬಿಸಿಕೊಳ್ಳಲು ಬಂದಾಗ ಹೇಳಿದಳು: ಸಿಗ್ನಲ್ಲಿನಲ್ಲಿ ಹಾಡು ನಿಂತೊಡನೆ ಈಕೆ ಗಾಡಿಯೇ ಆಫ್ ಆಯಿತೆಂದು ಗಾಬರಿಯಾದಳಂತೆ, "ಗಾಡಿ ಆಫ್ ಆಗಿಲ್ಲಮ್ಮ, ನನ್ನ ತಮ್ಮ ಆನ್ ಆಗಿದ್ದಾನೆ" ಎಂದು ಅಕ್ಕ ಸಮಾಧಾನ ಮಾಡಿದಳಂತೆ.

ಮೊದಮೊದಲು ಇದು ಶುದ್ಧ ಯುದ್ಧವಾಗಿತ್ತು, ನಾನು ಅದನ್ನು ಬಹಳ ಸಂತೋಷದಿಂದ ಮಾಡುತ್ತಿದ್ದೆ. ಆದರೆ ತಮ್ಮಲ್ಲಿ ಇನ್ನೊಂದು ಸೌಕರ್ಯವಿದೆ. ಒಬ್ಬರ ಫೋನಿನಲ್ಲಿ ಯಾವ ಹಾಡು ಓಡುತ್ತಿದೆ ಎಂಬುದು ಇನ್ನೊಬ್ಬರ ಫೋನಿನಲ್ಲಿ ಕಾಣುತ್ತದೆ, ಬೆರಳಿಟ್ಟರೆ ಆ ಹಾಡು ನಿಂತ ಜಾಗದಿಂದಲೇ ಇತ್ತ ಕಡೆ ಮುಂದುವರಿಯುತ್ತದೆ. ಒಂದು ದಿನ ನಾನು ಲಿಫ್ಟಿನ ಹಾಡಿನ ಹಾಗೆಯೇ ತಲೆಹರಟೆಯ ಹಾಡೊಂದನ್ನು ಹಾಕಿದ್ದೆ. ಅಕ್ಕ ಅದನ್ನು ನಡುವಿನಲ್ಲಿ ಕಸಿದುಕೊಂಡಳು. ಇನ್ನೇನು ತನ್ನ ಡೋಲು ಹಾಕುತ್ತಾಳೆ ಎಂದು ಕಾದೆ. ಹಾಕಲಿಲ್ಲ. ನನ್ನ ಹಾಡನ್ನೇ ಕಾರಿನಲ್ಲಿ ಕೊನೆಯವರೆಗೂ ಓಡಿಸಿ, ಆಮೇಲೆ ಬಿಟ್ಟುಕೊಟ್ಟಳು. ಕುರ್ಚಿಯಲ್ಲಿದ್ದವರ ಬಾಯಿಯಿಂದ ಕೈ ತೆಗೆದು ನಾನು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತೆ. ಲೋಟ ಇದ್ದ ಹಾಗೇ ಇದೆ ಎಂದು ಆಕೆ ಹೇಳುತ್ತಿದ್ದಾಳೆ ಎಂಬುದನ್ನು ತಿಳಿಯಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದನ್ನು ಜಗಳ ಎಂದು ಕರೆದರೆ ನಿಜವಾದ ಜಗಳಗಂಟರಿಗೆ ಅವಮಾನ. ನಾನು ಹೊಸ ಹಾಡು ಹಾಕುವುದು, ಆಕೆ ಕಸಿದುಕೊಂಡು ಪೂರ್ತಿ ಕೇಳಿದರೆ ಪಾಸು, ಕಸಿದುಕೊಂಡು ಕತ್ತು ಹಿಸುಕಿ ಬೇರೆ ಹಾಕಿದರೆ ಬೋರಲು. ಆಕೆ ಹಾಕಿದಾಗ ನಾನೂ ಹಾಗೆಯೇ. ಶಾಪದ ಮುದುಕಿಯನ್ನು ನಾನು ಮೂರು ಸಲ ಕಸಿದುಕೊಂಡು ಮೂರು ಸಲವೂ ಪೂರ್ತಿ ಕೇಳಿಸಿದೆ, ಕುರ್ಚಿಯಲ್ಲಿದ್ದವರು ತಮಗೇ ಶಾಪ ಎಂದುಕೊಂಡರು. ತಾವು ಕಳೆದ ತಿಂಗಳ ಮೆಚ್ಚಿನ ಹಾಡುಗಳೆಂದು ಬಣ್ಣದ ಚೂರು ಸುರಿಸಿ ಘೋಷಿಸಿದ್ದು ನನ್ನವನ್ನೂ ಅಲ್ಲ, ಆಕೆಯವನ್ನೂ ಅಲ್ಲ. ಇಬ್ಬರ ಬೆರಳಿಗೂ ಸಿಕ್ಕು ಬದುಕಿ ಉಳಿದವು ಅವು. ಒಂದು ಮಾತೂ ಆಡದೆ ನಾವು ಭಾನುವಾರವನ್ನು ವಾರಪೂರ್ತಿ ಮಾಡುತ್ತಿದ್ದೆವು, ಆದರೂ ಜಗಳ ಜಗಳವಾಗಿಯೇ ಇತ್ತು, ಜಟ್ಟಿ ನೆಲಕ್ಕೆ ಬಿದ್ದರೂ ಇಬ್ಬರ ಮೀಸೆಯೂ ಮಣ್ಣಾಗಿರಲಿಲ್ಲ. ಇಂಥ ಒಂದು ವ್ಯವಸ್ಥೆಯನ್ನು ತಾವು ಬಿಟ್ಟುಬಿಡಬಹುದಿತ್ತು.

ಬಿಡಲಿಲ್ಲ. ಪಟ್ಟಿಯ ಮೊದಲನೆಯ ಸ್ಥಾನದಲ್ಲಿ, ಲಿಫ್ಟಿನ ಹಾಡಿಗಿಂತಲೂ ಮೇಲೆ, ತಾವು ಇಟ್ಟಿದ್ದು ಆ ಖಾಲಿ ಮನೆಯ ಹಾಡನ್ನು. ಹೊಸ ಹಾಡುಗಳ ಪಟ್ಟಿಯಲ್ಲಿ ವರ್ಷದ ಹಿಂದಿನ ಹಾಡು! ನಮ್ಮ ಹುಚ್ಚಿನ ಮೊದಲ ನಿಯಮಕ್ಕೇ ಎಳ್ಳುನೀರು. ಅದರ ಪಕ್ಕದ ಪುಟ್ಟ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ, 'ಈ ಹಾಡನ್ನು ತಾವು ಮೊದಲ ಬಾರಿಗೆ ಕೊನೆಯವರೆಗೂ ಕೇಳಿದ್ದು ಕಳೆದ ತಿಂಗಳು, ಆದ್ದರಿಂದ ಇದು ತಮಗೆ ಹೊಸದು' ಎಂಬ ವಿವರಣೆ. ನಾನು ಆ ದಿನದ ನಂತರ ಅದನ್ನು ಹಾಕಿಯೇ ಇರಲಿಲ್ಲ. ಅಕ್ಕನೇ ಹಾಕಿರಬಹುದೇ ಎಂಬ ಯೋಚನೆ ಬಂತು, ಬಂದಷ್ಟೇ ಬೇಗ ಹೋಯಿತು. ಬೋರಲು ಹಾಕಿದ್ದನ್ನು ಆಕೆ ಮತ್ತೆ ಎತ್ತಿದ ಚರಿತ್ರೆಯೇ ಇಲ್ಲ. ಆದ್ದರಿಂದ ತಾವು ಬೇಕೆಂದೇ ಗಾಯಕ್ಕೆ ಉಪ್ಪು ಸವರುತ್ತಿದ್ದೀರಿ ಎಂದು ತಿಳಿದು, ನಾಲ್ಕು ಜನರ ಎದುರು ಹೇಳಲಾಗದ ಮಾತುಗಳಲ್ಲಿ ತಮ್ಮನ್ನು ಬೈದೆ. ಅವನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ, ಒಂದೆರಡನ್ನು ಬಿಟ್ಟು.

ಪಟ್ಟಿಯ ಬೆನ್ನಿಗೇ ತಮ್ಮ ನೋಟಿಸು ಬಂತು, ಇಬ್ಬರ ಫೋನಿಗೂ. ಒಂದು ಖಾತೆ ಇನ್ನು ಮುಂದೆ ಒಂದೇ ಸೂರಿನಡಿ ಇರುವವರಿಗೆ ಮಾತ್ರ; ಒಂದೇ ಸೂರು ಎಂಬುದಕ್ಕೆ ಪುರಾವೆಯಾಗಿ, ಎರಡೂ ಫೋನುಗಳನ್ನು ಒಂದೇ ಕೋಣೆಯಲ್ಲಿಟ್ಟು, ಪಟ್ಟಿಯ ಮೊದಲನೆಯ ಹಾಡನ್ನು ಒಂದರಲ್ಲಿ ನುಡಿಸಬೇಕು, ಇನ್ನೊಂದು ಅದನ್ನು ಕೇಳಿಸಿಕೊಂಡು ಒಪ್ಪಬೇಕು; ಹಾಡು ಮುಗಿಯುವ ಮುನ್ನ ನಿಲ್ಲಿಸಿದರೆ ಪುರಾವೆ ಬಿದ್ದುಹೋಗುತ್ತದೆ; ವಾರದೊಳಗೆ ಇದು ಆಗದಿದ್ದರೆ ಎರಡನೆಯ ಫೋನನ್ನು ಖಾತೆಯಿಂದ ಕಳಚಲಾಗುವುದು. ಎಂಥ ಸಭ್ಯ ಭಾಷೆ! ನಮ್ಮ ಭಾವನಿಗೆ ಎರಡು ಸಲದ ರಾಜಿಯಲ್ಲಿ ಹೇಳಲಾಗದ್ದನ್ನು ತಾವು ಒಂದು ಬೆದರಿಕೆಯಲ್ಲಿ ಹೇಳಿದಿರಿ.

ಆ ವಾರ ನಾನು ಹೇಗೆ ಕಳೆದೆ ಎಂಬುದನ್ನು ಅಲಂಕಾರವಿಲ್ಲದೆ ಹೇಳುತ್ತೇನೆ. ನನಗೆ ಭಯವಾಯಿತು. ಹಾಡು ಹೋಗುತ್ತದೆಂದಲ್ಲ, ಹಾಡುಗಳಿಗೇನು ಬರ. ಹಾಡು ನಡುವೆ ನಿಲ್ಲುವುದು ನಿಂತುಹೋಗುತ್ತದಲ್ಲ ಎಂದು. ಇನ್ನು ಮೇಲೆ ನನ್ನ ಸ್ಪೀಕರ್ ಬೆಳಗಿನಿಂದ ಸಂಜೆಯವರೆಗೆ ಯಾರ ಅಡ್ಡಿಯೂ ಇಲ್ಲದೆ ಹಾಡುತ್ತದೆ, ಊರಿನ ಆ ತುದಿಯಲ್ಲಿ ಯಾರೂ ಅದನ್ನು ಕಸಿದುಕೊಳ್ಳುವುದಿಲ್ಲ ಎಂದು ಯೋಚಿಸಿದರೆ ಕೈ ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ. ನನಗೆ ಅಕ್ಕ ಬೇಕಾಗಿತ್ತು. ಆದರೆ ಫೋನ್ ಎತ್ತಿ ಬಾ ಎನ್ನುವುದಕ್ಕೆ ಬೆರಳು ಬರುತ್ತಿರಲಿಲ್ಲ, ಕಸಿದುಕೊಳ್ಳಲು ಅಷ್ಟು ಚುರುಕಾಗಿದ್ದ ಅದೇ ಬೆರಳು. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆಯನ್ನು ನನ್ನ ವೃತ್ತಿಯವರು ಸಾಮಾನ್ಯವಾಗಿ ನಗುತ್ತಾ ಹೇಳುತ್ತಾರೆ.

ತಮ್ಮ ಗಡುವಿನ ಕೊನೆಯ ದಿನ ಮಧ್ಯಾಹ್ನ ಸಹಾಯಕಿ ಒಳಗೆ ಬಂದು, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ, "ಹೊಸ ಪೇಷಂಟ್ ಸಾರ್. ಹಲ್ಲು ತೋರಿಸ್ಬೇಕಂತೆ" ಎಂದಳು. ಬಂದು ಕುರ್ಚಿಯಲ್ಲಿ ಒರಗಿದವಳು ಅಕ್ಕ. ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ಫೋನು. ನನ್ನ ಮುಖ ನೋಡದೆ ಛಾವಣಿ ನೋಡಿದಳು, ಬಾಯಿ ತೆರೆದಳು. ವೈದ್ಯನಾದವನು ಬಾಯಿ ತೆರೆದವರ ಹಲ್ಲು ನೋಡದೆ ಬಿಡುವಂತಿಲ್ಲ. ಕನ್ನಡಿ ಹಿಡಿದು ಮೇಲೆ ಕೆಳಗೆ, ಎಡ ಬಲ, ಒಂದೊಂದಾಗಿ ತಟ್ಟಿ ನೋಡಿದೆ. ಒಂದೇ ಒಂದು ಹುಳುಕಿಲ್ಲ. ಇಷ್ಟು ಆರೋಗ್ಯವಾದ ಬಾಯಿಯನ್ನು ಇಷ್ಟು ಹೊತ್ತು ನಾನು ಎಂದೂ ಪರೀಕ್ಷಿಸಿದ್ದಿಲ್ಲ.

ನೋಡಲು ಇನ್ನೇನೂ ಉಳಿಯದಿದ್ದಾಗ ಆಕೆಯ ಕೈಯಿಂದ ಫೋನು ತೆಗೆದು ಉಪಕರಣಗಳ ತಟ್ಟೆಯಲ್ಲಿ ನನ್ನ ಫೋನಿನ ಪಕ್ಕ ಇಟ್ಟೆ, ಹಾಡು ಹಾಕಿದೆ. ಗಂಡಸು ಗುನುಗಿದ. ನಿಲ್ಲಿಸಿದ. ಖಾಲಿ ಮನೆಯಲ್ಲಿ ನಡಿಗೆ ಶುರುವಾಯಿತು. ಮೊದಲನೆಯ ಬಾಗಿಲು. ಎರಡನೆಯ ಬಾಗಿಲು. ಕುರ್ಚಿಯ ಪಕ್ಕದಲ್ಲಿ ಬಾಯಿ ಮುಕ್ಕಳಿಸಲೆಂದು ಇಟ್ಟ ನೀರಿನ ಲೋಟ ಅಕ್ಕನ ಕೈಗೆ ಗೇಣು ದೂರದಲ್ಲಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಆಕೆಯ ಕೈ ಅಲುಗಲಿಲ್ಲ. ಮೂರನೆಯ ಬಾಗಿಲು, ನಾಲ್ಕನೆಯದು. ಸಹಾಯಕಿ ಬಾಗಿಲಲ್ಲಿ ಹತ್ತಿ ಮಡಚುವುದನ್ನು ನಿಲ್ಲಿಸಿ ನಿಂತಿದ್ದಳು. ಇನ್ನು ದೂರದ ಕೋಣೆಯ ಆ ಹೆಂಗಸು ಹಾಡಬೇಕು. ಆಕೆ ಹಾಡುವುದಕ್ಕೂ ಒಂದು ಉಸಿರು ಮೊದಲು, ಸರಿಯಾಗಿ ಎಲ್ಲಿ ಎತ್ತಿಕೊಳ್ಳಬೇಕೋ ಅಲ್ಲಿ, ಛಾವಣಿ ನೋಡುತ್ತಿದ್ದ ನನ್ನ ಅಕ್ಕ ಆ ಗುನುಗನ್ನು ಎತ್ತಿಕೊಂಡಳು.

ಒಮ್ಮೆ ಕೇಳಿ ಕಲಿಯುವಂಥದ್ದಲ್ಲ ಅದು. ಎಷ್ಟೋ ಸಲ ಕೇಳಿದವರಿಗೆ ಮಾತ್ರ ಆ ಉಸಿರಿನ ಜಾಗ ಗೊತ್ತಿರುತ್ತದೆ. ಹಾಡು ಮುಗಿದ ಮೇಲೆ ನಾನು ಕೇಳುವ ಮೊದಲೇ ಆಕೆ ಹೇಳಿದಳು: "ದಿನಾ ಬೆಳಿಗ್ಗೆ, ನಿನ್ನ ಕ್ಲಿನಿಕ್ ತೆಗೆಯೋಕೆ ಮುಂಚೆ. ಇದ್ರಲ್ಲಿ ಚೆನ್ನಾಗಿರೋದು ಎಲ್ಲಿದೆ ಅಂತ ಹುಡುಕ್ತಾ ಇದ್ದೆ ಕಣೋ." ಸಿಕ್ಕಿತೇ ಎಂದು ಕೇಳಿದೆ. ಆಕೆ ಎದ್ದು ಕೂತು, ನೀರಿನ ಲೋಟ ತೆಗೆದುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಅದನ್ನು ಬೋರಲು ಹಾಕಿದಳು. ನೀರೆಲ್ಲ ನನ್ನ ಬೂಟಿನ ಮೇಲೆ. "ಈಗ ಕೊನೇವರೆಗೂ ಕೇಳಿ ಹಾಕಿದ್ದೀನಿ. ತಕರಾರಿದ್ಯಾ?" ಎಂದಳು.

ತಕರಾರಿರಲಿಲ್ಲ. ನಿಯಮದ ಪ್ರಕಾರ ಆಕೆಗೆ ಆ ಹಕ್ಕಿದೆ. ನನ್ನ ಬೂಟು ಒದ್ದೆಯಾಗಿತ್ತು, ನನ್ನ ಕಣ್ಣೂ ಒದ್ದೆಯಾಗಿತ್ತು, ಸಹಾಯಕಿ ಎರಡಕ್ಕೂ ಬೇರೆ ಬೇರೆ ಬಟ್ಟೆ ತಂದುಕೊಟ್ಟಳು. ಅಷ್ಟರಲ್ಲಿ ತಟ್ಟೆಯಲ್ಲಿದ್ದ ಎರಡೂ ಫೋನುಗಳ ಮೇಲೆ ಬಣ್ಣದ ಚೂರುಗಳು ಉದುರಿ, 'ತಾವಿಬ್ಬರೂ ಒಂದೇ ಸೂರಿನಡಿ ವಾಸವಾಗಿರುವುದು ದೃಢಪಟ್ಟಿದೆ' ಎಂದು ತಾವು ಸಾರಿದಿರಿ. ಅಕ್ಕ ಅದನ್ನು ಓದಿ, "ನಿನ್ನ ಜೊತೆಗಾ? ದೇವ್ರೇ!" ಎಂದಳು, ಆಮೇಲೆ ಕೀ ಪರ್ಸಿಗೆ ಹಾಕಿಕೊಂಡು, ಕುರ್ಚಿಗೆ ಮತ್ತೆ ಒರಗಿ, "ಮುಂದಿಂದು ಹಾಕು" ಎಂದಳು. ಹೊರಗೆ ಕಾಯುತ್ತಿದ್ದವರ ಹಲ್ಲುಗಳು ಇನ್ನಷ್ಟು ಹೊತ್ತು ನೋಯಬೇಕಾಗಿ ಬಂತು.

ಹೀಗಾಗಿ, ಮಾನ್ಯರೇ, ಒಂದು ಸಾವಕಾಶದ, ಎರಡೂ ಕಡೆಯವರಿಗೆ ಒಗ್ಗಿಹೋಗಿದ್ದ, ಇನ್ನೂ ಹಲವು ವರ್ಷ ಬಾಳಿಕೆ ಬರಬಹುದಾಗಿದ್ದ ಜಗಳವೊಂದು ತಮ್ಮ ಜಿಪುಣತನದಿಂದ ಅಕಾಲ ಮರಣಕ್ಕೀಡಾಗಿದೆ. ಇದಕ್ಕೆ ಪರಿಹಾರವ್ಯವಸ್ಥೆ ಮಾಡಿಕೊಡಬೇಕಾಗಿ ನನ್ನ ವಿನಯಪೂರ್ವಕ ಕೋರಿಕೆ. ಮೊದಲನೆಯದಾಗಿ, ನಾವು ಒಂದೇ ಸೂರಿನಡಿ ಇಲ್ಲ ಎಂಬ ಅನುಮಾನವನ್ನು ತಾವು ಕೂಡಲೇ ಮತ್ತೆ ಪಡಬೇಕು, ಪ್ರತಿ ತಿಂಗಳ ಕೊನೆಯ ಭಾನುವಾರ ತಪ್ಪದೆ ಪಡಬೇಕು, ನಾವು ಎಷ್ಟು ಪುರಾವೆ ಕೊಟ್ಟರೂ ನಂಬಬಾರದು. ಇಬ್ಬರಿಗೂ ಬೇರೆ ಬೇರೆ ಖಾತೆ ಕೊಡುತ್ತೇವೆ, ಯಾರ ಹಾಡಿಗೂ ಅಡ್ಡಿಯಿರುವುದಿಲ್ಲ ಎಂದು ತಮ್ಮ ಕಂಪನಿ ದಿನವೂ ಕಳಿಸುವ ಆಮಿಷವನ್ನು ನಿಲ್ಲಿಸಬೇಕು. ಅಡ್ಡಿಯಿಲ್ಲದ ಹಾಡು ಕೇಳಿ ಉದ್ಧಾರವಾದವರನ್ನು ನಾನು ಕಂಡಿಲ್ಲ. ಕೊನೆಯವರೆಗೂ ಕೇಳಿದ ದಿನವೇ ಹಾಡು ಹೊಸದಾಗುತ್ತದೆ ಎಂಬ ತಮ್ಮ ಲೆಕ್ಕವನ್ನು ನಾನು ಮೊದಲು ಗೇಲಿ ಮಾಡಿದ್ದೆ, ಈಗ ಅದನ್ನು ಯಾವ ಕಾರಣಕ್ಕೂ ಸರಿಪಡಿಸಬಾರದೆಂದು ಬೇಡುತ್ತೇನೆ. ಮತ್ತು ಸಾಧ್ಯವಾದರೆ, ತಮ್ಮನ್ನು ಕಟ್ಟಿದ ಎಂಜಿನಿಯರರಿಗೆ ಹೇಳಿ ತಾವೂ ಒಬ್ಬ ಅಕ್ಕನನ್ನು ಮಾಡಿಸಿಕೊಳ್ಳಬೇಕು. ತಾವು ಆರಿಸಿದ ಹತ್ತರಲ್ಲಿ ಒಂಬತ್ತನ್ನು ಆಕೆ ಬೋರಲು ಹಾಕಿದ ದಿನ ತಮಗೆ ಹಾಡು ಎಂದರೇನೆಂದು ತಿಳಿಯುತ್ತದೆ, ಉಳಿದ ಒಂದನ್ನು ಮಧ್ಯದಲ್ಲಿ ಕಸಿದುಕೊಂಡ ದಿನ ಉಳಿದದ್ದೂ ತಿಳಿಯುತ್ತದೆ.

ಈ ತಿಂಗಳ ಹೊಸ ಹಾಡುಗಳು ಆಗಲೇ ಬರತೊಡಗಿವೆ. ಇದನ್ನು ಬರೆಯುತ್ತಿರುವಾಗ ನಾನು ಹಾಕಿದ್ದ ಒಂದು ಹಾಡು ಪಲ್ಲವಿಯ ನಡುವಿನಲ್ಲಿ ಗಕ್ಕನೆ ನಿಂತಿತು. ಕುರ್ಚಿಯಲ್ಲಿರುವವರು ಕಣ್ಣು ತೆರೆದು ಏನಾಯಿತು ಎಂದು ನೋಡುತ್ತಿದ್ದಾರೆ. ಏನೂ ಆಗಿಲ್ಲ, ನಮ್ಮಕ್ಕ ಕೇಳುತ್ತಿದ್ದಾಳೆ ಎಂದು ಅವರಿಗೆ ಹೇಳಿದ್ದೇನೆ.

ಸದ್ಯಕ್ಕೆ ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನಂತೆ ತುಸು ಸಡಿಲವಾದ ವಿಶ್ವಾಸದೊಂದಿಗೆ,

ತಮ್ಮ ವಿಶ್ವಾಸಿ,
ತಮ್ಮ ದಾಖಲೆಯ ಪ್ರಕಾರ ಅಕ್ಕನೊಂದಿಗೆ ಒಂದೇ ಸೂರಿನಡಿ ವಾಸವಾಗಿರುವ ಹಲ್ಲಿನ ಡಾಕ್ಟರು

ವಿ.ಸೂ.: ಪುರಾವೆಯ ದಿನ ಕೋಣೆಯ ಸದ್ದನ್ನು ಕೇಳಿಸಿಕೊಂಡಿದ್ದೇ ತಡ, 'ತಮಗೆ ಇದೂ ಹಿಡಿಸಬಹುದು' ಎಂದು ತಾವು ನನಗೆ ನಿತ್ಯವೂ ಕೊರೆಯುವ ಯಂತ್ರಗಳ ಸದ್ದನ್ನು ಶಿಫಾರಸು ಮಾಡುತ್ತಿದ್ದೀರಿ. ಅವುಗಳಲ್ಲಿ ಒಂದು ನಿಜಕ್ಕೂ ಚೆನ್ನಾಗಿದೆ, ಭಾನುವಾರಕ್ಕೆ ಎತ್ತಿಟ್ಟಿದ್ದೇನೆ. ಮತ್ತೊಂದು ಮಾತು: ಈ ಪತ್ರವನ್ನು ತಮಗೆ ಕಳಿಸುವ ಮುನ್ನ ಅಕ್ಕನಿಗೆ ಓದಿ ಹೇಳಿದೆ. ಓದು ಪೋಸ್ಟ್‌ಮ್ಯಾನ್‌ನ ಹಲ್ಲು ಕೀಳುವ ಜಾಗಕ್ಕೆ ಬರುವಷ್ಟರಲ್ಲಿ ಆಕೆ ಲೋಟ ಬೋರಲು ಹಾಕಿದಳು, ಅರ್ಧಕ್ಕೂ ಮೊದಲೇ, ನಿಯಮ ಗಾಳಿಗೆ ತೂರಿ. ಹೊಸ ಜಗಳ ನಿನ್ನೆಯಿಂದ ಜಾರಿಯಲ್ಲಿದೆ. ದಯವಿಟ್ಟು ಈ ಸಲವಾದರೂ ನಡುವೆ ಬಾಯಿ ಹಾಕಬೇಡಿ, ನಾವು ಭಾನುವಾರ ಮೇಜಿನ ಎದುರು ಕೂತು ನಡೆಸಿಕೊಳ್ಳುತ್ತೇವೆ.